ದೂರದ ಯುದ್ಧ, ನಮ್ಮ ಒಲಿ

ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡಿ ಬಸ್ಸಿನ್ಯಾಗ ಹೋಗುವಾಗ ಗುಡ್ಡದ ಮ್ಯಾಲೆ ಸಾಲಾಗಿ ನಿಂತ ಗಾಳಿ ಪಂಕಾ ನೀವೆಲ್ಲಾ ನೋಡೇ ಇರ್ತೀರಿ. ಇವು ಇಲ್ಲಿಗೆ ಯಾಕ ಬಂದ್ವು ಅಂತ ನಮ್ಮ ಓಣಿ ಹುಡುಗಿ ಒಬ್ಬಾಕಿ ಕೇಳಿದ್ಲು. ಅರಬರ ಯುದ್ಧದಿಂದ ಶುರು ಮಾಡಬೇಕವ್ವ ಅಂದೆ, ನಕ್ಕಳು. ಆದ್ರ ಖರೇನ ಐತಿ.

1973ರ ಅಕ್ಟೋಬರಿನ್ಯಾಗ ಇಸ್ರೇಲಿಗೂ ಈಜಿಪ್ಟ್, ಸಿರಿಯಾಕ್ಕೂ ಯುದ್ಧ ಹತ್ತಿತು. ಇಸ್ರೇಲಿನ ಬೆನ್ನಿಗೆ ನಿಂತವ್ರಿಗೆ ಎಣ್ಣಿ ಕೊಡಂಗಿಲ್ಲ ಅಂದ್ರು ಅರಬ್ ದೇಶದವ್ರು. ಪೀಪಾಯಿಗೆ 3 ಡಾಲರ್ ಆಸುಪಾಸು ಇದ್ದ ಎಣ್ಣಿ 1974ರ ಜನವರಿಗೆ 12ರ ಹತ್ರ ಹೋತು. ನಮ್ಮ ಬುಡ್ಡಿಗೆ ಹಾಕೋ ಚಿಮಣಿ ಎಣ್ಣಿನೂ ಅದರಾಗಿಂದ ಬರೋದಲ್ಲ! 1979ರಾಗ ಇರಾನಿನ ಕ್ರಾಂತಿ, ಮತ್ತ ಏರಿತು. ಆಗ ದಿಲ್ಲಿಯವ್ರಿಗೆ ಎಚ್ಚರ ಆತು. 1981ರಾಗ ಬ್ಯಾರೆ ಇಂಧನ ಹುಡುಕಾಕ ಒಂದು ಆಯೋಗ, ಮರುವರ್ಷ ಒಂದು ಇಲಾಖೆ, ಜೋಡಿಗೆ ಊರೂರಿಗೆ ಗೋಬರ್ ಗ್ಯಾಸ್ ಯೋಜನೆ.

ಗೋಬರ್ ಗ್ಯಾಸಿನ ಕಥಿ ನಾವು ಹೆಣ್ಮಕ್ಕಳೇ ಹೇಳಬೇಕು. ಮೊದಲಿನವಕ್ಕ ಕಬ್ಬಿಣದ ಡ್ರಮ್ಮು ಇರ್ತಿತ್ತು, ತುಕ್ಕು ಹಿಡೀತಿತ್ತು. 1984ರಾಗ ಬಂದ ದೀನಬಂಧು ಮಾದರಿ ಇಟ್ಟಂಗಿದು, ನೆಲದೊಳಗ ಗುಮ್ಮಟ ಕಟ್ಟೋದು, ಖರ್ಚು ಕಡಿಮಿ. ಉರಿ ಚಲೋ, ಹೊಗಿ ಇಲ್ಲ, ಉಳಿದ ರಾಡಿ ಹೊಲಕ್ಕ ಗೊಬ್ಬರ. ಆದ್ರ ನಾಲ್ಕೈದು ಮಂದಿ ಅಡಿಗಿಗೆ ದಿನಾ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಕೂಡ್ಲಿಗಿ, ಕೊಟ್ಟೂರು ಸೀಮಿಯೊಳಗ ಬ್ಯಾಸಿಗ್ಯಾಗ ನಾಲ್ಕು ಕೊಡ ನೀರು ಸಗಣಿಗೆ ಸುರಿಯೋದು ಅಂದ್ರ ಹುಡುಗಾಟಾ? ಬರ ಬಿದ್ದು ದನ ಮಾರಿದ್ರ ಒಲಿನೂ ಆರಿತು. ಕಲಸೋದು, ನೀರು ಹೊರೋದು ಯಾರ ಕೆಲಸ ಅಂತ ಲೆಕ್ಕದಾಗ ಬರೀಲಿಲ್ಲ. ಹೆಣ್ಮಕ್ಕಳ ದುಡಿಮಿ ಪುಕ್ಕಟೆ ಅಂತ ಹಿಡಿದು ಮಾಡಿದ ಯೋಜನೆ ಅದು, ನನ್ನ ಮಟ್ಟಿಗೆ.

ಇದನ್ನ ಬ್ಯಾರೆ ಥರ ನೋಡಿದವ್ರೂ ಇದ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ ಅಮೂಲ್ಯ ರೆಡ್ಡಿ ಅನ್ನೋವ್ರು ಹಳ್ಳಿಗಂತನ 'ಅಸ್ತ್ರ' ಅಂತ ಕಟ್ಟಿದ್ರು. ಹೊಗಿ ಕೊಳವಿ ಇರೋ ಅಸ್ತ್ರ ಒಲಿ ಅಲ್ಲಿಂದು. ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳಿಯಾಗ ಊರಿಗೆಲ್ಲಾ ಅಡಿಗಿ ಗ್ಯಾಸ್ ಕೊಡಾಕ ಹೋದ್ರು, ಸಗಣಿ ಸಾಲಲಿಲ್ಲ. ಅಷ್ಟಕ್ಕ ಕೈ ಬಿಡದ 1987ರಾಗ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನಳಕ್ಕ ನೀರು, ಮನಿಗೆ ದೀಪ ಕೊಟ್ರು. ಕೊಡ ಹೊರೋದು ತಪ್ಪಿತಲ್ಲ, ಅದು ದೊಡ್ಡದು.

ಆಮ್ಯಾಲೆ 1990ರಾಗ ಇರಾಕಿನವ್ರು ಕುವೈತಿಗೆ ನುಗ್ಗಿದ್ರು. ಎಣ್ಣಿ ಖರ್ಚು ಏರಿ, ಮೊದಲೇ ಕೈ ಬಿಗಿ ಇದ್ದ ದೇಶ 1991ರಾಗ 47 ಟನ್ ಬಂಗಾರ ಒತ್ತಿ ಇಟ್ಟಿತು. ಮನಿಯಾಗಿನ ಸರ ಒತ್ತಿ ಇಟ್ಟಾಗಿನ ಸಂಕಟ ನಮಗ ಗೊತ್ತು, ದೇಶಕ್ಕೂ ಹಂಗ. ಮರುವರ್ಷನ ಇಲಾಖೆ ಹೋಗಿ ಸಚಿವಾಲಯ ಆತು. ಪಂಕಾ ಹಾಕಿದವ್ರಿಗೆ ತೆರಿಗಿ ರಿಯಾಯ್ತಿ ಸಿಕ್ಕಿತು. 2003ರ ವಿದ್ಯುತ್ ಕಾಯ್ದೆ ಬಂದ ಮ್ಯಾಲೆ ಇಂಥ ಕರೆಂಟನ್ನ ಇಷ್ಟು ಪಾಲು ಕೊಳ್ಳಬೇಕು ಅಂತ ನೇಮ ಆತು. ರೊಕ್ಕ ಇದ್ದ ಕಂಪನಿಯವ್ರು ಗಾಳಿ ಇರೋ ಗುಡ್ಡ ಹುಡುಕ್ಕೊಂತ ಬಂದ್ರು. ಆಷಾಢದ ಗಾಳಿ ನಮ್ಮಲ್ಲಿ ಎಂಥದು ಅಂತ ಹೊರಗ ಸೀರಿ ಒಣಗಿಸಿದವ್ರಿಗೆ ಹೇಳೋದೇ ಬ್ಯಾಡ. 2018ರ ಹೊತ್ತಿಗೆ ಇಂಥ ಕರೆಂಟಿನೊಳಗ ಕರ್ನಾಟಕ ದೇಶಕ್ಕ ಮೊದಲು. ಗುಡ್ಡಕ್ಕ ಬೇಗ ಬಂತು, ಒಲಿಗೆ ಬರಾಕ ತಡ ಆತು.

ಒಲಿಗೆ ಬಂದದ್ದು ಸಿಲಿಂಡರ್, 2016ರ ಉಜ್ವಲಾದಾಗ. ಅದೂ ಹೊರದೇಶದ ಗ್ಯಾಸನ್ನೇ ಬಾಳ ನೆಚ್ಚಿದ್ದು. 2022ರಾಗ ಉಕ್ರೇನ್ ಯುದ್ಧ ಹತ್ತಿ ಸಿಲಿಂಡರಿಗೆ 1000 ರೂಪಾಯಿ ದಾಟಿತು. ಹಿತ್ತಲದಾಗ ಮತ್ತ ಕಟಗಿ ಒಲಿ ಹಚ್ಚಿದವ್ರು ನಮ್ಮ ಸುತ್ತಮುತ್ತ ಎಷ್ಟು ಮಂದಿ ಇಲ್ಲ!

ಈಗ ಮನಿ ಮ್ಯಾಲೆ ಸೋಲಾರ್. 2024ರ ಪಿಎಂ ಸೂರ್ಯಘರ್ ಯೋಜನೆಯಾಗ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಐತಿ. ಗೃಹಜ್ಯೋತಿಯಾಗ 200 ಯೂನಿಟ್ ತನಕ ಪುಕ್ಕಟೆ ಇರುವಾಗ ಇದು ಯಾಕ ಅಂತೀರಿ. ಬರೇ ದೀಪ, ಫ್ಯಾನಿಗಾದ್ರ ಬ್ಯಾಡ ಬಿಡ್ರಿ. ಕರೆಂಟಿನ ಒಲಿ ಮ್ಯಾಲೆ ಎರಡು ಹೊತ್ತು ಅಡಿಗಿ ಮಾಡೋರು, ಹಿಟ್ಟಿನ ಗಿರಣಿ ಇಟ್ಟೋರು ಲೆಕ್ಕ ಹಾಕಿ ನೋಡ್ರಿ. ಮನಿಯ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಮಾವನವ್ರ ಹೆಸರಿಲೆ ಇದ್ರ ಮೊದಲು ಅದನ್ನ ಬದಲಿ ಮಾಡಿಸ್ಕೊಳ್ರಿ, ಇಲ್ಲಾಂದ್ರ ಅರ್ಜಿ ಅಲ್ಲೇ ನಿಲ್ತೈತಿ. ಆದ್ರ ನಿಮ್ಮ ಹೆಸರಿಗೇ ಮಾಡಿಸ್ರಿ.