ದುರಸ್ತಿಯ ಹೊರೆ: ಸಹ ಒಡೆತನದ ವಸತಿಗಳ ಒಳಜಗಳ ಕುರಿತ ಒಂದು ಚಾರಿತ್ರಿಕ ಟಿಪ್ಪಣಿ

ಜನಪದವೆಂಬ ಪರಿಕಲ್ಪನೆಯನ್ನು ಹಳ್ಳಿಗೆ ಮಾತ್ರ ಕಟ್ಟಿಹಾಕುವ ಕಾಲ ಮುಗಿದು ಬಹಳ ದಿನಗಳಾದವು. ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೇ ಎಂದು ಅಲನ್ ಡಂಡೆಸ್ ವಾದಿಸಿದ ಮೇಲೆ ಕಾರ್ಖಾನೆ, ಕಚೇರಿ, ವಿದ್ಯಾರ್ಥಿನಿಲಯಗಳೂ ನಮ್ಮ ಶಾಸ್ತ್ರದ ಕ್ಷೇತ್ರಗಳಾದವು. ಒಂದೇ ಛಾವಣಿ, ಒಂದೇ ತಳಪಾಯ, ಒಂದೇ ನೀರಿನ ತೊಟ್ಟಿಯನ್ನು ಹಂಚಿಕೊಂಡ ಬಹುಮಹಡಿ ಕಟ್ಟಡದ ನಿವಾಸಿಗಳಿಗೆ ಈ ವ್ಯಾಖ್ಯಾನ ಅತ್ಯಂತ ಸಹಜವಾಗಿ ಒಪ್ಪುತ್ತದೆ. ಆದರೂ ಅವರನ್ನು ನಾವು ಕಾನೂನು ಪಂಡಿತರಿಗೂ ಎಂಜಿನಿಯರುಗಳಿಗೂ ಬಿಟ್ಟುಕೊಟ್ಟಿದ್ದೇವೆ. ಇಂತಹ ಸಮುದಾಯಗಳ ಕಲಹಗಳಲ್ಲಿ ಮುಖ್ಯವಾದುದು ದುರಸ್ತಿ ವೆಚ್ಚದ ಹಂಚಿಕೆ. ಅದರ ಚರಿತ್ರೆಯನ್ನು, ದಾಖಲೆಗಳು ಹೇರಳವಾಗಿ ದೊರೆಯುವ ಅಮೆರಿಕದ, ಅದರಲ್ಲೂ ಫ್ಲಾರಿಡಾ ರಾಜ್ಯದ ಸಂದರ್ಭದಲ್ಲಿ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಕಾಂಡೊಮಿನಿಯಂ ಎಂದು ಕರೆಯಲಾಗುವ ಈ ಒಡೆತನದ ಬಗೆ ಅಮೆರಿಕಕ್ಕೆ ಹಳೆಯದೇನಲ್ಲ. ಪೋರ್ಟೊರಿಕೊ ದ್ವೀಪ 1958ರಲ್ಲಿ ಇದಕ್ಕೆ ವಿವರವಾದ ಕಾಯ್ದೆ ಮಾಡಿತು. 1960ರಲ್ಲಿ ಯೂಟಾ ರಾಜ್ಯ ಅದೇ ದಾರಿ ಹಿಡಿಯಿತು. 1961ರ ಒಕ್ಕೂಟ ವಸತಿ ಕಾಯ್ದೆ ಇಂತಹ ಮನೆಗಳ ಸಾಲಕ್ಕೆ ವಿಮೆಯ ಆಸರೆ ಕೊಟ್ಟಿತು. 1962ರಲ್ಲಿ ಮಾದರಿ ಕಾಯ್ದೆಯೊಂದು ಸಿದ್ಧವಾಯಿತು, 1963ರಲ್ಲಿ ಫ್ಲಾರಿಡಾ ತನ್ನದೇ ಕಾಯ್ದೆ ಮಾಡಿಕೊಂಡಿತು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಚೌಕಟ್ಟೂ ಇದೇ ಬಗೆಯದು: ಮನೆಯೊಳಗಿನದು ಒಬ್ಬೊಬ್ಬರ ಸ್ವತ್ತು, ಗೋಡೆ, ಛಾವಣಿ, ತಳಪಾಯ, ಮೆಟ್ಟಿಲುಗಳು ಎಲ್ಲರ ಅವಿಭಜಿತ ಪಾಲು. ಸಾಮಾನ್ಯ ಭಾಗವನ್ನು ತಾನು ಬಳಸುವುದಿಲ್ಲ ಎಂಬ ಕಾರಣ ನೀಡಿ ಯಾರೂ ವಂತಿಗೆಯಿಂದ ನುಣುಚಿಕೊಳ್ಳುವಂತಿಲ್ಲ.

ಜಗಳದ ಬೇರು ಇರುವುದು ಈ ಕೊನೆಯ ನಿಯಮದಲ್ಲಿಯೇ. ಜನರ ಮನಸ್ಸಿನಲ್ಲಿರುವ ನ್ಯಾಯ ಬೇರೆಯದು: ಬಳಸಿದವನು ಕೊಡಲಿ. ನಾನು ವಾಸಿಸುವ ಸಮುಚ್ಚಯದಲ್ಲಿ ತಾರಸಿ ಸೋರಿದಾಗ ನಡೆದ ಸಭೆಯಲ್ಲಿ ನೆಲಮಹಡಿಯವರೊಬ್ಬರು, ತಮ್ಮ ತಲೆಯ ಮೇಲೆ ಮಳೆ ಬೀಳುವುದಿಲ್ಲವೆಂದೂ ಲಿಫ್ಟನ್ನು ತಾವು ಮುಟ್ಟುವುದೇ ಇಲ್ಲವೆಂದೂ ಹೇಳಿದರು. ಮೇಲಿನವರು ಚರಂಡಿಯ ಮಾತು ತೆಗೆದರು. ಕಾನೂನಿನ ಪುಟವನ್ನು ಯಾರೋ ಓದಿ ಹೇಳಿದ ಮೇಲೂ ಇಬ್ಬರಿಗೂ ಅದು ನ್ಯಾಯವಾಗಿ ಕಾಣಲಿಲ್ಲ. (ನನಗೂ ಆ ಹೊತ್ತಿನಲ್ಲಿ ಕಾಣಲಿಲ್ಲ, ನನ್ನ ಮನೆ ಮೊದಲ ಮಹಡಿಯಲ್ಲಿದೆ.)

ಏನನ್ನು, ಎಷ್ಟರಮಟ್ಟಿಗೆ ದುರಸ್ತಿ ಮಾಡಬೇಕೆಂಬುದನ್ನು ನಿರ್ಧರಿಸುವವರಾರು ಎಂಬುದು ಎರಡನೆಯ ಪ್ರಶ್ನೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತೀರ್ಮಾನಿಸಿದ ಲಾ ಜೊಲ್ಲಾ ಶೋರ್ಸ್ ಪ್ರಕರಣ ಇಲ್ಲಿ ಉಲ್ಲೇಖನೀಯ. ಗೆದ್ದಲು ಹಿಡಿದ ಕಟ್ಟಡಕ್ಕೆ ಪೂರ್ಣ ಧೂಮೋಪಚಾರ ಬೇಕೆಂದು ಒಬ್ಬ ಒಡತಿಯ ವಾದ. ಗೆದ್ದಲು ಕಂಡ ಕಡೆಗಳಲ್ಲಷ್ಟೇ ಔಷಧ ಹಾಕಿದರೆ ಸಾಕೆಂಬುದು ಸಂಘದ ಮಂಡಳಿಯ ನಿಲುವು. ಮಂಡಳಿ ತಕ್ಕ ವಿಚಾರಣೆ ನಡೆಸಿ, ಸದ್ಭಾವನೆಯಿಂದ, ಸಮುದಾಯದ ಹಿತಕ್ಕೆಂದು ತೀರ್ಮಾನಿಸಿದ್ದರೆ ನ್ಯಾಯಾಲಯ ಅದಕ್ಕೆ ಮನ್ನಣೆ ಕೊಡಬೇಕೆಂದು ತೀರ್ಪಾಯಿತು. ಮಂಡಳಿ ಕೆಲಸ ಮಾಡಹೊರಟಾಗ ಸದಸ್ಯರು ಹಣ ಕೊಡದಿದ್ದರೇನು ಗತಿ ಎಂಬುದು ಆ ತೀರ್ಪಿನ ವ್ಯಾಪ್ತಿಗೆ ಬರುವ ಮಾತಾಗಿರಲಿಲ್ಲ.

ಆ ಪ್ರಶ್ನೆಗೆ ಅತ್ಯಂತ ದಾರುಣ ರೂಪ ಬಂದದ್ದು ಮಯಾಮಿ ಬಳಿಯ ಸರ್ಫ್‌ಸೈಡ್ ಪಟ್ಟಣದಲ್ಲಿ. 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಹನ್ನೆರಡು ಅಂತಸ್ತಿನ, 136 ಮನೆಗಳ ಕಟ್ಟಡ. ಛಾವಣಿ, ಬಣ್ಣ ಮುಂತಾದವುಗಳಿಗೆ ಮೀಸಲು ನಿಧಿ ಕೂಡಿಡಬೇಕೆಂದು ಫ್ಲಾರಿಡಾ ಕಾನೂನು ಹೇಳುತ್ತಿತ್ತು, ಆದರೆ ಬಹುಮತದಿಂದ ಅದನ್ನು ಬಿಟ್ಟುಕೊಡಲು ಅದೇ ಕಾನೂನು ಅವಕಾಶವನ್ನೂ ನೀಡಿತ್ತು. ನಲವತ್ತು ವರ್ಷ ತುಂಬಿದ ಕಟ್ಟಡಗಳಿಗೆ ಆ ಜಿಲ್ಲೆಯಲ್ಲಿ ಆಗ ಮರುಪ್ರಮಾಣೀಕರಣ ಕಡ್ಡಾಯವಾಗಿತ್ತು. ಅದರ ಪೂರ್ವಸಿದ್ಧತೆಯಾಗಿ 2018ರಲ್ಲಿ ನಡೆದ ಪರಿಶೀಲನೆ, ಈಜುಕೊಳದ ಅಂಗಳದ ಕೆಳಗಿನ ಕಾಂಕ್ರೀಟಿಗೆ ದೊಡ್ಡ ಹಾನಿಯಾಗಿದೆಯೆಂದು ವರದಿ ಮಾಡಿತು. ಅಂಗಳವನ್ನು ಇಳಿಜಾರಿಲ್ಲದೆ ಸಮತಟ್ಟಾಗಿ ಕಟ್ಟಿದ್ದರಿಂದ ನೀರು ಹರಿದುಹೋಗದೆ ನಿಲ್ಲುತ್ತಿತ್ತು. ವೆಚ್ಚದ ಮಾತು ಬಂದೊಡನೆ ಭಿನ್ನಾಭಿಪ್ರಾಯ ತಲೆಯೆತ್ತಿತು. 2019ರಲ್ಲಿ ಮಂಡಳಿಯ ಏಳು ಜನರಲ್ಲಿ ಐವರು ರಾಜೀನಾಮೆ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಅಧ್ಯಕ್ಷರು ನಿವಾಸಿಗಳಿಗೆ ಪತ್ರ ಬರೆದು, ಹಾನಿ ಹೆಚ್ಚಿದೆ, ವಿಳಂಬವಾದಷ್ಟೂ ಖರ್ಚು ಬೆಳೆಯುತ್ತದೆ ಎಂದು ವಿವರಿಸಿದರು. ಒಟ್ಟು ಹೊರೆ ಒಂದೂವರೆ ಕೋಟಿ ಡಾಲರ್; ಸಣ್ಣ ಮನೆಗೆ ಸುಮಾರು 80,000 ಡಾಲರ್, ತುದಿಯ ದೊಡ್ಡ ಮನೆಗೆ 3,36,000 ಡಾಲರಿಗೂ ಮಿಕ್ಕು. ಜುಲೈ 1ರಿಂದ ಪಾವತಿ ಆರಂಭವಾಗಬೇಕಿತ್ತು. ಜೂನ್ 24ರ ನಡುರಾತ್ರಿ ಕಳೆದು ಒಂದೂಕಾಲು ಗಂಟೆಯ ಸುಮಾರಿಗೆ ಕಟ್ಟಡದ ದೊಡ್ಡ ಭಾಗ ಕುಸಿದು 98 ಜನ ಮಡಿದರು.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಮನೆ ಕಳೆದುಕೊಂಡು ಬದುಕುಳಿದವರೂ ಮೃತರ ವಾರಸುದಾರರೂ ಪರಿಹಾರದ ಹಣದ ಹಂಚಿಕೆಯಲ್ಲಿ ಎದುರುಬದುರಾದರು. ಸಂಘದ ಸದಸ್ಯರಾಗಿದ್ದ ಕಾರಣಕ್ಕೆ ಒಡೆಯರೇ ಸಾವುಗಳಿಗೆ ಬಾಧ್ಯರೇ ಎಂಬ ಪ್ರಶ್ನೆಯೂ ಎದ್ದಿತು. ಕಡೆಗೆ 2022ರಲ್ಲಿ ನೂರು ಕೋಟಿ ಡಾಲರಿಗೂ ಮೀರಿದ ರಾಜಿಯಾಯಿತು, ಖಾಲಿ ನಿವೇಶನ ಹನ್ನೆರಡು ಕೋಟಿ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ ಫ್ಲಾರಿಡಾ ಶಾಸನಸಭೆ, ಮೂರು ಅಥವಾ ಹೆಚ್ಚು ಅಂತಸ್ತಿನ ಹಳೆಯ ಕಟ್ಟಡಗಳ ತಪಾಸಣೆಯನ್ನು ಕಡ್ಡಾಯಗೊಳಿಸಿ, ರಚನಾ ಭಾಗಗಳ ಮೀಸಲು ನಿಧಿಯನ್ನು ಬಿಟ್ಟುಕೊಡುವ ಹಕ್ಕನ್ನು ಹಿಂತೆಗೆದುಕೊಂಡಿತು. ಪಿಂಚಣಿಯ ಮೇಲೆ ಬದುಕುವ ವೃದ್ಧರು ಹೊಸ ವಂತಿಗೆ ತಾಳಲಾರದೆ ಮನೆ ಮಾರಹೊರಟರು; ಅದರ ಒತ್ತಡದಿಂದ 2025ರಲ್ಲಿ ನಿಯಮಗಳು ಒಂದಿಷ್ಟು ಸಡಿಲಗೊಂಡವು. ವೃದ್ಧರ ಅಳಲನ್ನು ಜಿಪುಣತನವೆಂದು ತಳ್ಳಿಹಾಕುವ ಕಾನೂನು ಲೇಖನಗಳು ನನಗೆ ಒಪ್ಪಿಗೆಯಾಗುವುದಿಲ್ಲ. ನಲವತ್ತು ವರ್ಷದ ಹಿಂದಿನವರು ಕೂಡಿಡದ ಹಣವನ್ನು ನಿನ್ನೆ ಬಂದವರು ಒಮ್ಮೆಲೇ ಕೊಡಬೇಕಾಗುವುದು ಅನ್ಯಾಯವೆಂಬ ಭಾವನೆಗೂ ಆಧಾರವಿದೆ.

ನಮ್ಮ ಶಾಸನಗಳನ್ನು ಬಲ್ಲವರಿಗೆ ಇಲ್ಲಿ ಕೆರೆಯ ನೆನಪಾಗುವುದು ಸಹಜ. ಕೆರೆ ಕಟ್ಟಿದಾಗಲೇ, ಅದನ್ನು ಕಾಪಾಡುವವನಿಗೆ ಕೊಡಗೆಯಾಗಿ, ಬಿತ್ತುವಟ್ಟವಾಗಿ ನೆಲ ಬಿಡುತ್ತಿದ್ದ ಪದ್ಧತಿ ಕನ್ನಡ ನಾಡಿನ ಶಾಸನಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಹೂಳೆತ್ತುವ ಖರ್ಚು ಪ್ರತಿ ವರ್ಷ ಸಭೆ ಸೇರಿ ಎತ್ತಬೇಕಾದ ವಂತಿಗೆಯಾಗಿರಲಿಲ್ಲ, ನೆಲದ ಹುಟ್ಟುವಳಿಯಾಗಿತ್ತು. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನ 1369ರ ಸಂಸ್ಕೃತ ಶಾಸನ ಕೆರೆಯ ದೋಷಗಳನ್ನು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಅವುಗಳಲ್ಲೊಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಜಿನುಗು ಮಣ್ಣಿನ ದೋಷ, ಗಡಿ ಒಡೆತನದ ದೋಷ. ಶಾಸನಕಾರ ಎರಡನ್ನೂ ಒಂದೇ ಸಾಲಿನಲ್ಲಿಟ್ಟಿದ್ದಾನೆ. ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಕೊಡಗೆಯ ಹಿಂದೆ ಅರಸನ, ಪ್ರಭುವಿನ ಅಧಿಕಾರವಿತ್ತು. ಅಪಾರ್ಟ್‌ಮೆಂಟಿನ ಮಂಡಳಿಯ ಹಿಂದೆ ಇರುವುದು ನೆರೆಯವರ ಮತ ಮಾತ್ರ.

ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ನಿವಾಸಿ ಸಂಘಗಳೂ ಅನೇಕವಿದ್ದು, ಯಾವ ಕಾಯ್ದೆ ಅನ್ವಯಿಸಬೇಕೆಂಬುದೇ ನ್ಯಾಯಾಲಯಗಳಲ್ಲಿ ಚರ್ಚೆಗೆ ಬಂದಿದೆ. ಅವುಗಳ ಜಗಳದ ಚರಿತ್ರೆ ಬರೆಯಲು ಬೇಕಾದ ಆಕರ ನಡಾವಳಿ ಪುಸ್ತಕಗಳು. ನಮ್ಮ ಸಮುಚ್ಚಯದ ಹಳೆಯ ಎರಡು ಪುಸ್ತಕಗಳನ್ನು ನಾನು ಕೇಳಿದಾಗ, ಕಾರ್ಯದರ್ಶಿ ಬದಲಾದ ವರ್ಷ ಅವು ರದ್ದಿಗೆ ಹೋದವೆಂದು ತಿಳಿಯಿತು. ತಾರಸಿಗೆ ಮೊದಲ ಸಲ ಲೇಪ ಹಾಕಿಸಿದ್ದು ಯಾವಾಗ, ಅದಕ್ಕೆ ಯಾರು ಎಷ್ಟು ಕೊಟ್ಟಿದ್ದರು ಎಂಬುದನ್ನು ಈಗ ಹಿರಿಯ ಕಾವಲುಗಾರನೊಬ್ಬನ ನೆನಪಿನಿಂದ ಬರೆದುಕೊಳ್ಳುತ್ತಿದ್ದೇನೆ.