ಏಳು ತುಂಬಿ ಎಂಟಕ್ಕೆ ಬಿದ್ದಾಗ

ಲ್ಯಾಪ್‌ಟಾಪನ್ನೂ ಸೀಮಂತದ ಹಸಿರು ಬಳೆಗಳನ್ನೂ ಒಟ್ಟಿಗೆ ಹೊತ್ತುಕೊಂಡು ಹುಣಸೂರಿನ ತವರಿಗೆ ಬಂದಾಗ ನನಗೆ ಮೂವತ್ತೊಂದನೇ ವಾರ. ಬೆಂಗಳೂರಿನ ಡಾಕ್ಟರು ವಾರದಲ್ಲಿ ಲೆಕ್ಕ ಹಾಕ್ತಾರೆ, ಫೋನಿನ ಆ್ಯಪ್ ಹಣ್ಣುಕಾಯಿಯಲ್ಲಿ ಲೆಕ್ಕ ಹಾಕುತ್ತೆ, ಅಜ್ಜಿ ಮಾತ್ರ "ಏಳು ತುಂಬಿ ಎಂಟಕ್ಕೆ ಬಿತ್ತು" ಅಂದಳು. ಬಾಗಿಲಲ್ಲೇ ಬಗ್ಗಿ ನನ್ನ ಪಾದದ ಮೇಲೆ ಹೆಬ್ಬೆರಳು ಒತ್ತಿ, ಗುಳಿ ಬೀಳುತ್ತಾ ಅಂತ ನೋಡಿದಳು. ಯಾಕೆ ಅಂತ ಆಗ ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಜಗಳ ಶುರು. ತಟ್ಟೆಗೆ ಅರ್ಧ ಮುದ್ದೆ ಬಂತು. "ಜಾಸ್ತಿ ಉಂಡ್ರೆ ಮಗು ದಪ್ಪ ಆಯ್ತದೆ ಕಣವ್ವ, ಹೆರೋಕೆ ಕಷ್ಟ." ಡಾಕ್ಟರು ಬರೆದುಕೊಟ್ಟ ಡಯಟ್ ಚಾರ್ಟ್ ತೋರಿಸಿದೆ. ಅಜ್ಜಿಗೆ ಓದೋಕೆ ಬರಲ್ಲ. ಬಂದಿದ್ದರೂ ಒಪ್ಪುತ್ತಿರಲಿಲ್ಲ ಬಿಡಿ.

ಆದರೆ ಆಮೇಲೆ ಯೋಚಿಸಿದರೆ ಅವಳ ಮಾತು ಮೌಢ್ಯ ಅನ್ನಿಸಲಿಲ್ಲ, ದೂರದ ಲೆಕ್ಕ ಅನ್ನಿಸಿತು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು, ಪಿರಿಯಾಪಟ್ಟಣ ಇನ್ನೂ ಆಚೆ. ಎಚ್.ಡಿ. ಕೋಟೆಯಿಂದಲೂ ಮೈಸೂರು ದೂರವೇ, ಕಾಡಂಚಿನ ಹಾಡಿಗಳಿಂದಂತೂ ಕೋಟೆ ಪೇಟೆಯೇ ದೂರ. ಈ ನಾಲ್ಕು ತಾಲ್ಲೂಕು ಪಟ್ಟಣಗಳಲ್ಲಿ ರೈಲು ಇರೋದು ಕೆ.ಆರ್. ನಗರಕ್ಕೆ ಮಾತ್ರ. ಮಗು ಅಡ್ಡ ನಿಂತರೆ, ತಲೆ ಸಿಕ್ಕಿಕೊಂಡರೆ, ಸಿಸೇರಿಯನ್ ಮಾಡುವವರ ಹತ್ತಿರ ಎತ್ತಿನ ಗಾಡಿಯಲ್ಲಿ ಎಷ್ಟು ಹೊತ್ತಿಗೆ ಮುಟ್ಟೋದು? ಅಂಥಾ ಕಡೆ ಚಿಕ್ಕ ಮಗುವೇ ಕ್ಷೇಮ. ತಾಯಿಯಾದರೂ ಉಳಿಯುತ್ತಾಳೆ.

ಚಿಕ್ಕದಾಗಿ ಹುಟ್ಟಿದ ಮಗುವಿಗೆ ಮುಂದೆ ಏನಾಗುತ್ತೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮೈಸೂರಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡುತ್ತಾ ಬಂದರು. ಅರವತ್ತು ವರ್ಷ ಆದಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಡೇವಿಡ್ ಬಾರ್ಕರ್, ಕ್ಯಾರೋಲಿನ್ ಫಾಲ್ ಅವರ ತಂಡ ಈ ದಫ್ತರಗಳ ಬೆನ್ನು ಹತ್ತಿತು. ಹೊಟ್ಟೆಯಲ್ಲಿದ್ದಾಗ ಸರಿಯಾಗಿ ಬೆಳೆಯದ ಮಗುವಿಗೆ ದೊಡ್ಡವನಾದ ಮೇಲೆ ಹೃದಯರೋಗ ಬರುವುದು ಹೆಚ್ಚು ಅನ್ನುವುದು ಬಾರ್ಕರ್ ವಾದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಹಳೇ ದಾಖಲೆಗಳಲ್ಲಿ ಅದು ಕಂಡಿತ್ತು, ಇಲ್ಲೂ ನಿಜವಾ ಅಂತ ನೋಡಬೇಕಿತ್ತು. ಮೈಸೂರಿನಲ್ಲಿ ಮನೆ ಮನೆ ಸುತ್ತಿ, 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿದರು. ಪರೀಕ್ಷೆ ಮಾಡಿದ್ದು 517 ಜನರನ್ನು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗವಿತ್ತು. 3.1 ಕೆ.ಜಿ. ದಾಟಿದವರಲ್ಲಿ 3 ಮಂದಿಗೆ. 1996ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು.

ಮಗುವಿನ ತೂಕ ಹೆಚ್ಚುವುದು ಮುಖ್ಯವಾಗಿ ಈ ಕೊನೇ ಮೂರು ತಿಂಗಳಲ್ಲೇ. 28ನೇ ವಾರಕ್ಕೆ ಒಂದು ಕೆ.ಜಿ. ಆಸುಪಾಸು ಇರುವುದು ಹೆರಿಗೆ ಹೊತ್ತಿಗೆ ಮೂರರ ಹತ್ತಿರ ಬರುತ್ತೆ. ಹಾಗಂತ ಇನ್ನೊಂದು ಮುದ್ದೆ ಇಕ್ಕಿಸಿಕೊಂಡರೆ ಲೆಕ್ಕ ಸರಿಹೋಯ್ತು ಅಂತಲೂ ಅಲ್ಲ. ಅದೇ ದಫ್ತರ ಹಿಡಿದು ಸಕ್ಕರೆ ಕಾಯಿಲೆ ಹುಡುಕಿದಾಗ, ಅದು ಹೆಚ್ಚಿದ್ದದ್ದು ಉದ್ದಕ್ಕೆ ಹೋಲಿಸಿದರೆ ಗುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ತಾಯಂದಿರಿಗೆ ಬಸುರಿನಲ್ಲೇ ಸಕ್ಕರೆ ಇತ್ತೇನೋ ಅನ್ನೋ ಅನುಮಾನ ಬಂದು, 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರಿಗೆ ಸುಮಾರು 30ನೇ ವಾರದಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿದರು. ನೂರರಲ್ಲಿ ಆರು ಮಂದಿಗೆ ಸಕ್ಕರೆ ಇತ್ತು. ನೀವೂ ಆ ಸಿಹಿನೀರು ಕುಡಿದು ಎರಡು ಗಂಟೆ ಓಕರಿಸುತ್ತಾ ಕೂತಿದ್ದರೆ ನಿಮಗೆ ಗೊತ್ತಿರುತ್ತೆ.

ಪದೇ ಪದೇ ಡಾಕ್ಟರ ಹತ್ತಿರ ಹೋಗುವ ಪದ್ಧತಿಯೂ ಹಳೇದೇ. 28ನೇ ವಾರದ ಮೇಲೆ ಹದಿನೈದು ದಿನಕ್ಕೊಮ್ಮೆ, 36ರ ಮೇಲೆ ವಾರವಾರ ಅನ್ನುವ ಪಟ್ಟಿಯನ್ನು 1929ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಬರೆದಿಟ್ಟಿತು. ನನ್ನ ಫೈಲಿನಲ್ಲಿರೋದು ಹೆಚ್ಚುಕಮ್ಮಿ ಅದೇ ಪಟ್ಟಿ. ಕೊನೆಗಾಲದಲ್ಲಿ ಇಷ್ಟು ಅವಸರ ಯಾಕೆ ಅಂತ ಅಮ್ಮನನ್ನು ಕೇಳಿದೆ. ಉತ್ತರ ಕೊಟ್ಟಿದ್ದು ಅಜ್ಜಿ.

ಪಿರಿಯಾಪಟ್ಟಣದ ಪಕ್ಕದ ಹಳ್ಳಿ. ಅಜ್ಜಿಗಿನ್ನೂ ಹನ್ನೆರಡೋ ಹದಿಮೂರೋ. ಅವಳ ಅಕ್ಕ ಚೊಚ್ಚಲು ಬಸುರಿ, ತವರಿಗೆ ಬಂದಿದ್ದಳು. ಕಾಲು ಊದಿತು. "ಬಸುರಿ ಕಾಲು ಊದ್ದೆ ಇದ್ದದಾ" ಅಂದರು ಎಲ್ಲರೂ. ಮುಖ ಊದಿತು, ಮೈ ತುಂಬಿಕೊಂಡಿದ್ದಾಳೆ ಅಂದರು. ಎರಡು ದಿನ ತಲೆನೋವು, ಕಣ್ಣು ಮಂಜು. ದೃಷ್ಟಿ ತೆಗೆದರು. ಮೂರನೇ ದಿನ ಬೆಳಗಿನ ಜಾವ ಫಿಟ್ಸ್ ಬಂತು. ಹುಣಸೂರಿಗೆ ಗಾಡಿ ಕಟ್ಟಿದರು. ಅರ್ಧ ದಾರಿಯಿಂದ ವಾಪಸ್ ತಂದರು.

ಗರ್ಭನಂಜು ಅಂತ ಹಳಬರ ವೈದ್ಯಪುಸ್ತಕಗಳು ಕರೆಯುತ್ತಿದ್ದದ್ದು ಇದನ್ನೇ. ಒಳ್ಳೇ ಸೂಲಗಿತ್ತಿಯ ಕೈಗೆ ಮಗುವಿನ ತಲೆ ಎಲ್ಲಿದೆ ಅಂತ ತಿಳೀತಿತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿದ್ದು ಸುಮ್ಮನೆ ಅಲ್ಲ. ಆದರೆ ರಕ್ತದೊತ್ತಡ ಕೈಗೆ ಸಿಗುವಂಥದ್ದಲ್ಲ. ಅದಕ್ಕೆ ತೋಳಿಗೆ ಪಟ್ಟಿ ಕಟ್ಟಲೇಬೇಕು. 140/90 ಮುಟ್ಟಿದರೆ ಎಚ್ಚರ. ಕೊನೇ ತಿಂಗಳುಗಳಲ್ಲಿ ಬೆನ್ನು ನೋಯುತ್ತೆ, ಏದುಸಿರು ಬರುತ್ತೆ, ಎದೆ ಉರಿಯುತ್ತೆ, ಹೊಟ್ಟೆ ಆಗಾಗ ಗಟ್ಟಿಯಾಗಿ ಸುಳ್ಳು ನೋವು ಬಂದುಹೋಗುತ್ತೆ. ಇವನ್ನೆಲ್ಲ ಸಹಿಸಿಕೊಳ್ಳಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ರಕ್ತ ಕಾಣಿಸುವುದು, ಮಗುವಿನ ಓಡಾಟ ಕಮ್ಮಿಯಾಗುವುದು, ಇವಕ್ಕೆ ಬೆಳಗಾಗಲಿ ಅಂತ ಕಾಯಬಾರದು. ಫಿಟ್ಸಿಗೆ ಮೆಗ್ನೀಷಿಯಂ ಸಲ್ಫೇಟ್ ಬೇರೆ ಔಷಧಿಗಳಿಗಿಂತ ಮೇಲು ಅಂತ ದೊಡ್ಡ ಅಧ್ಯಯನದಲ್ಲಿ ಖಚಿತವಾಗಿದ್ದೇ 1995ರಲ್ಲಿ.

ದೂರ ಈಗ ಮೊದಲಿನಷ್ಟಿಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರು, ಕಾಡುಕುರುಬರ ನಡುವೆ ಕೆಲಸ ಶುರುಮಾಡಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸುವವರೆಗೆ ಬೆಳೆಯಿತು. 2008ರಲ್ಲಿ 108 ಆಂಬುಲೆನ್ಸ್ ಬಂತು. ಆಶಾ ಕಾರ್ಯಕರ್ತೆಯರು ಬಂದರು, ತಾಯಿ ಕಾರ್ಡ್ ಬಂತು.

ಮೊನ್ನೆ ಸಂಜೆ ಮೀಟಿಂಗ್ ಮುಗಿಸಿ ತಲೆ ಸಿಡೀತಿದೆ ಅಂದೆ, ಅಷ್ಟೆ. ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಸ್ಕ್ರೀನ್ ನೋಡಿ ನೋಡಿ ಬಂದಿರೋದು ಅಂದರೆ ಕೇಳಲಿಲ್ಲ. ಆಟೋದಲ್ಲಿ ಹೋಗಿ ಬಿಪಿ ನೋಡಿಸಿಕೊಂಡು ಬಂದೆವು. ನೂರಾ ಹದಿನೆಂಟು, ಎಪ್ಪತ್ತಾರು. ನರ್ಸ್ ಹೇಳಿದ್ದನ್ನು ಅಜ್ಜಿ ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ದಾರಿಯಲ್ಲಿ ತಾಯಿ ಕಾರ್ಡ್ ಇಸಿದುಕೊಂಡು, ಅದರಲ್ಲಿ ಬಿಪಿ ಬರೆದಿರೋದು ಎಲ್ಲಿ ಅಂತ ಬೆರಳಿಟ್ಟು ಕೇಳಿದಳು. ತೋರಿಸಿದೆ.

ರಾತ್ರಿ ತಟ್ಟೆಗೆ ಇಡೀ ಮುದ್ದೆ ಬಂತು, ಜೊತೆಗೆ ಬಸ್ಸಾರು.