ಅಂಪೈರನ್ನ ಆರಿಸೋದು ಯಾರು? 1949ರಿಂದ ಮುಗಿಯದ ಒಂದು ಚರ್ಚೆ

ಇವತ್ತು ಕ್ರಿಕೆಟ್‌ನಿಂದ ಶುರು ಮಾಡ್ತೀನಿ. ಒಂದು ಕಾಲದಲ್ಲಿ ಟೆಸ್ಟ್ ಮ್ಯಾಚ್ ಯಾವ ದೇಶದಲ್ಲಿ ನಡೆಯುತ್ತೋ ಆ ದೇಶದವರೇ ಅಂಪೈರ್. ಎಲ್‌ಬಿಡಬ್ಲ್ಯೂ ಕೊಟ್ಟರೂ ಜಗಳ, ಕೊಡದಿದ್ದರೂ ಜಗಳ. 1986ರಲ್ಲಿ ಲಾಹೋರ್‌ನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಆಡಿದಾಗ ಭಾರತದಿಂದ ಇಬ್ಬರು ಅಂಪೈರ್‌ಗಳನ್ನ ಕರೆಸಿದ್ರು. ಪಾಕಿಸ್ತಾನದಲ್ಲಿ ಒಳ್ಳೆ ಅಂಪೈರ್‌ಗಳು ಇರಲಿಲ್ಲ ಅಂತಲ್ಲ. ಆಡೋ ತಂಡದ ಕಡೆಯವರೇ ಅಂಪೈರನ್ನೂ ಆರಿಸಿದರೆ, ಅವನು ಎಷ್ಟೇ ಪ್ರಾಮಾಣಿಕನಾದರೂ ಸೋತವರು ನಂಬೋದು ಕಷ್ಟ.

ನಮ್ಮ ಚುನಾವಣೆಗೂ ಒಬ್ಬ ಅಂಪೈರ್ ಬೇಕಲ್ವಾ? ಅದೇ ಚುನಾವಣಾ ಆಯೋಗ. ನಾವು ಇವಿಎಂ ಬಗ್ಗೆ ಗಂಟೆಗಟ್ಟಲೆ ವಾದ ಮಾಡ್ತೀವಿ. ಆ ಮಷೀನ್ ಮಾಡೋ ಎರಡು ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಬೆರಳಿಗೆ ಹಚ್ಚೋ ಶಾಯಿ ಮೈಸೂರಿನದು. ಇದೆಲ್ಲ ನಮಗೆ ಗೊತ್ತು. ಆದರೆ ಆಯೋಗದಲ್ಲಿ ಕೂರೋರನ್ನ ಆರಿಸೋದು ಯಾರು ಅಂತ ಕೇಳಿದ್ರೆ ಹೆಚ್ಚಿನವರು ತಡವರಿಸ್ತಾರೆ. ಇವತ್ತಿನ ಕಥೆ ಅದೇ.

ಬನ್ನಿ, 1949ರ ಜೂನ್ ತಿಂಗಳಿಗೆ ಹೋಗೋಣ. ದೆಹಲಿಯ ಸಂವಿಧಾನ ಸಭೆಯಲ್ಲಿ ಚುನಾವಣಾ ಆಯೋಗದ ವಿಧಿ ಚರ್ಚೆಗೆ ಬಂತು. ಇವತ್ತು ಅದು 324ನೇ ವಿಧಿ. ಮೊದಲಿನ ಕರಡಿನಲ್ಲಿ ರಾಜ್ಯಗಳ ಚುನಾವಣೆಗೆ ಬೇರೆ ಬೇರೆ ಆಯೋಗಗಳು ಇದ್ದವು. ಅದನ್ನ ಬದಲಾಯಿಸಿ ಇಡೀ ದೇಶಕ್ಕೆ ಒಂದೇ ಆಯೋಗ ಅನ್ನೋ ಪ್ರಸ್ತಾಪ ಇಟ್ಟವರು ಡಾ. ಅಂಬೇಡ್ಕರ್. ಯಾಕೆ ಗೊತ್ತಾ? ಕೆಲವು ಪ್ರಾಂತ್ಯಗಳಲ್ಲಿ ಭಾಷೆ, ಸಂಸ್ಕೃತಿ ಬೇರೆಯಾದ ಜನರನ್ನ ಮತದಾರರ ಪಟ್ಟಿಯಿಂದಲೇ ಹೊರಗಿಡ್ತಿದ್ದಾರೆ ಅನ್ನೋ ದೂರು ಬಂದಿತ್ತು. ಅಂದರೆ ಆಯೋಗ ಹುಟ್ಟುವ ಮೊದಲೇ ಪಟ್ಟಿಯ ಜಗಳ ಹುಟ್ಟಿತ್ತು.

ಆಗ ಶಿಬ್ಬನ್ ಲಾಲ್ ಸಕ್ಸೇನಾ ಅನ್ನೋ ಸದಸ್ಯರು ಎದ್ದು ನಿಂತರು. ರಾಷ್ಟ್ರಪತಿ ನೇಮಕ ಮಾಡ್ತಾರೆ ಅಂದರೆ ನಿಜದಲ್ಲಿ ಪ್ರಧಾನಿಯೇ ಮಾಡಿದ ಹಾಗೆ. ಹಾಗಾಗಿ ಸಂಸತ್ತಿನ ಮೂರನೇ ಎರಡರಷ್ಟು ಬಹುಮತದ ಒಪ್ಪಿಗೆ ಬೇಕು ಅಂತ ಅವರ ವಾದ. ಅಂಬೇಡ್ಕರ್ ಈ ಮಾತನ್ನ ತಳ್ಳಿಹಾಕಲಿಲ್ಲ. ಆಯುಕ್ತರನ್ನ ತೆಗೆಯೋದು ಕಷ್ಟ ಮಾಡಿದರೆ ಸಾಕೇ? ಸರ್ಕಾರ ಹೇಳಿದಂತೆ ಕುಣಿಯುವ ಒಬ್ಬ ಅಯೋಗ್ಯ ಮೊದಲೇ ಆ ಕುರ್ಚಿಯಲ್ಲಿ ಬಂದು ಕೂತರೆ ತಡೆಯೋಕೆ ಈ ವಿಧಿಯಲ್ಲಿ ಏನೂ ಇಲ್ಲ ಅಂತ ಅವರೇ ಒಪ್ಪಿಕೊಂಡರು. ಕೊನೆಗೆ ಒಂದು ಸಾಲು ಸೇರಿಸಿದರು. ಸಂಸತ್ತು ಮಾಡುವ ಕಾನೂನಿಗೆ ಒಳಪಟ್ಟು ರಾಷ್ಟ್ರಪತಿ ನೇಮಕ ಮಾಡಬೇಕು. ಸರಳವಾಗಿ ಹೇಳೋದಾದರೆ, ಈ ಕೆಲಸವನ್ನ ಮುಂದಿನವರ ಹೆಗಲಿಗೆ ಹಾಕಿದರು. ಆ ಕಾನೂನು ಬರೋಕೆ 2023ರ ಡಿಸೆಂಬರ್‌ವರೆಗೆ ಕಾಯಬೇಕಾಯ್ತು.

ಶುರುವಿನಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. 1950ರಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತರಾದವರು ಸುಕುಮಾರ್ ಸೇನ್. ಸುಮಾರು 17 ಕೋಟಿ ಮತದಾರರು, ಅವರಲ್ಲಿ ಬಹುಪಾಲು ಜನಕ್ಕೆ ಓದು ಬರಹ ಇಲ್ಲ. ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ರು. ಸೇನ್ ಒಪ್ಪಲಿಲ್ಲ. ಸ್ವಂತ ಹೆಸರು ಕೊಡದಿದ್ದ ಸುಮಾರು 28 ಲಕ್ಷ ಮಹಿಳೆಯರನ್ನ ಪಟ್ಟಿಯಿಂದ ಬಿಡಲಾಯ್ತು. ಸರಿಯೋ ತಪ್ಪೋ ನೀವೇ ಯೋಚಿಸಿ. ಆದರೆ ಆ ಕುರ್ಚಿಯಲ್ಲಿ ಕೂತ ಒಬ್ಬ ವ್ಯಕ್ತಿಯ ನಿರ್ಧಾರಕ್ಕೆ ಎಷ್ಟು ಶಕ್ತಿ ಇದೆ ಅನ್ನೋದು ಇದರಲ್ಲಿ ಕಾಣುತ್ತೆ.

ಇನ್ನು 1989ಕ್ಕೆ ಬರೋಣ. ಅಲ್ಲಿವರೆಗೆ ಆಯೋಗ ಅಂದರೆ ಒಬ್ಬರೇ ಆಯುಕ್ತರು. ಲೋಕಸಭಾ ಚುನಾವಣೆಗೆ ಹೆಚ್ಚುಕಡಿಮೆ ಒಂದು ತಿಂಗಳು ಇರುವಾಗ ರಾಜೀವ್ ಗಾಂಧಿ ಸರ್ಕಾರ ಇನ್ನೂ ಇಬ್ಬರನ್ನ ನೇಮಿಸಿತು. ಚುನಾವಣೆ ಮುಗೀತು, ಸರ್ಕಾರ ಬದಲಾಯ್ತು. 1990ರ ಜನವರಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಆ ಎರಡು ಹುದ್ದೆಗಳನ್ನೇ ರದ್ದು ಮಾಡ್ತು. ನೋಡಿ, ಅಂಪೈರ್‌ಗಳನ್ನ ಸೇರಿಸೋದೂ ತೆಗೆಯೋದೂ ಇಷ್ಟು ಸಲೀಸು! ಅದೇ ವರ್ಷ ದಿನೇಶ್ ಗೋಸ್ವಾಮಿ ಸಮಿತಿ, ಮುಖ್ಯ ನ್ಯಾಯಮೂರ್ತಿ ಮತ್ತು ವಿರೋಧ ಪಕ್ಷದ ನಾಯಕರ ಜೊತೆ ಸಮಾಲೋಚಿಸಿ ಮುಖ್ಯ ಆಯುಕ್ತರನ್ನ ನೇಮಿಸಿ ಅಂತ ಹೇಳ್ತು. ಒಂದು ಮಸೂದೆಯೂ ಬಂತು. ನಂತರದ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಅದನ್ನ ವಾಪಸ್ ತೆಗೊಂಡರು.

ಈ ಗದ್ದಲದ ನಡುವೆ 1990ರ ಕೊನೆಯಲ್ಲಿ ಕೆಲವೇ ದಿನ ಆ ಕುರ್ಚಿಯಲ್ಲಿ ಕೂತವರು ವಿ.ಎಸ್. ರಮಾದೇವಿ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಮುಂದೆ ನಮ್ಮ ಕರ್ನಾಟಕದ ರಾಜ್ಯಪಾಲರೂ ಆದವರು. ಅವರ ನಂತರ ಬಂದವರು ಟಿ.ಎನ್. ಶೇಷನ್. ನಿಮ್ಮ ಜೇಬಿನಲ್ಲಿರೋ ಫೋಟೋ ವೋಟರ್ ಐಡಿಗೆ ಹಠ ಹಿಡಿದು ಕೂತವರು ಇವರೇ. ಅಭ್ಯರ್ಥಿಗಳು ನೀತಿ ಸಂಹಿತೆ ಅಂದರೆ ಹೆದರೋ ಹಾಗೆ ಮಾಡಿದವರೂ ಇವರೇ. 1993ರಲ್ಲಿ ಸರ್ಕಾರ ಮತ್ತೆ ಇಬ್ಬರು ಆಯುಕ್ತರನ್ನ ತಂದು ಕೂರಿಸ್ತು. ಶೇಷನ್ ಕೋರ್ಟಿಗೆ ಹೋದರು, 1995ರಲ್ಲಿ ಸೋತರು. ಅಂದಿನಿಂದ ಮೂವರ ಆಯೋಗವೇ ನಡೀತಿದೆ.

ಇಲ್ಲಿ ಒಂದು ಪ್ರಶ್ನೆ ನೀವು ಕೇಳಬಹುದು. ಶೇಷನ್ ಅವರನ್ನ ಆರಿಸಿದ್ದೂ ಸರ್ಕಾರವೇ ಅಲ್ವಾ? ಮತ್ತೆ ಹಳೇ ಪದ್ಧತಿಯಲ್ಲಿ ಏನು ತಪ್ಪು? ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು: ಶೇಷನ್ ಸಿಕ್ಕಿದ್ದು ಅದೃಷ್ಟ. ಅದೃಷ್ಟವನ್ನೇ ವ್ಯವಸ್ಥೆ ಅಂತ ಕರೆಯೋಕೆ ಆಗಲ್ಲ.

ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ಇದು ಅರ್ಥ ಆಗುತ್ತೆ. 2012ರಲ್ಲಿ ಬಿಜೆಪಿಯ ಎಲ್.ಕೆ. ಅಡ್ವಾಣಿ ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಪತ್ರ ಬರೆದರು. ಮುಖ್ಯ ನ್ಯಾಯಮೂರ್ತಿ, ವಿರೋಧ ಪಕ್ಷದ ನಾಯಕರು ಇರೋ ಸಮಿತಿ ಮಾಡಿ ಅಂತ ಕೇಳಿದರು. ಕಾಂಗ್ರೆಸ್ ಸರ್ಕಾರ ಮಾಡಲಿಲ್ಲ.

2022ರ ನವೆಂಬರ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದಿತ್ತು. ವಿಚಾರಣೆ ನಡೀತಿರುವಾಗಲೇ ಅರುಣ್ ಗೋಯಲ್ ಆಯುಕ್ತರಾಗಿ ನೇಮಕವಾದರು. ಮೇ ತಿಂಗಳಿಂದ ಖಾಲಿ ಇದ್ದ ಹುದ್ದೆಯ ಫೈಲ್ 24 ಗಂಟೆಯೊಳಗೆ ಮುಗಿದದ್ದು ಹೇಗೆ ಅಂತ ಕೋರ್ಟ್ ಕೇಳ್ತು. 2023ರ ಮಾರ್ಚ್ 2ರಂದು ತೀರ್ಪು ಬಂತು. ಸಂಸತ್ತು ಕಾನೂನು ಮಾಡೋವರೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿ ಸೇರಿ ಆರಿಸಬೇಕು.

ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡ್ತು. ಆದರೆ ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಪ್ರಧಾನಿಯೇ ಹೆಸರಿಸುವ ಒಬ್ಬ ಸಂಪುಟ ಸಚಿವರು ಬಂದರು. ಮೂವರಲ್ಲಿ ಇಬ್ಬರು ಸರ್ಕಾರದವರು! ಸರ್ಕಾರದ ವಾದವೂ ಹೇಳಿಬಿಡ್ತೀನಿ: ಸಮಿತಿಯಲ್ಲಿ ನ್ಯಾಯಮೂರ್ತಿ ಇದ್ದರಷ್ಟೇ ಆಯೋಗ ಸ್ವತಂತ್ರ ಅನ್ನೋದು ತಪ್ಪು. 2024ರ ಮಾರ್ಚ್‌ನಲ್ಲಿ ಈ ಕಾನೂನಿಗೆ ತಡೆ ಕೊಡೋಕೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೂ ನನಗೆ ಒಂದು ಮಾತು ಅರಗಲ್ಲ. ಸಿಬಿಐ ನಿರ್ದೇಶಕರನ್ನ ಆರಿಸೋ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಗೆ ಜಾಗ ಇದೆ. ನಮ್ಮ ವೋಟು ಕಾಯೋರನ್ನ ಆರಿಸುವಾಗ ಇಲ್ಲ.

ಇದು ಒಂದು ಪಕ್ಷದ ಕಥೆ ಅಲ್ಲ ಅಂತ ನಿಮಗೆ ಈಗ ಗೊತ್ತಾಗಿರಬೇಕು. ಅಧಿಕಾರದಲ್ಲಿ ಇಲ್ಲದಾಗ ಸುಧಾರಣೆ ಬೇಕು ಅಂದವರು, ಕೈಗೆ ಅಧಿಕಾರ ಬಂದಾಗ ಸುಮ್ಮನಾದರು. ಹಾಗಾಗಿ ಮುಂದಿನ ಸಲ ಯಾವುದೇ ಪಕ್ಷದವರು ಆಯೋಗದ ಮೇಲೆ ನಂಬಿಕೆ ಇದೆ ಅಂತಲೋ ಇಲ್ಲ ಅಂತಲೋ ಅಂದರೆ, ಒಂದೇ ಪ್ರಶ್ನೆ ಕೇಳಿ: ನೀವು ಗೆದ್ದ ಮೇಲೆ ಆಯುಕ್ತರನ್ನ ಆರಿಸೋದು ಯಾರು?

ನಿಮ್ಮ ಅಭಿಪ್ರಾಯ ತಿಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.